ಒಡೆಯದ ಮುದ್ದೆ

ಗಿರಣಿ ನಿಂತ ಮೇಲೂ ಮಾತು ನಿಲ್ಲಲಿಲ್ಲ.

ನನ್ನ ಕಾಯಿಲೆ ಶುರುವಾದದ್ದು ಹೀಗೆ. ಪುರವರದಿಂದ ಸ್ವಲ್ಪ ಆಚೆ ನಮ್ಮೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮೋಟಾರು ಓಡುವಾಗ ಅದರ ಸದ್ದಿನೊಳಗೆ ಏನೇನೋ ಕೇಳಿಸುವುದು ಹೊಸದಲ್ಲ. ಬೆಲ್ಟಿನ ತಾಳಕ್ಕೆ ಹಾಡು ಸೇರಿಸಿಕೊಂಡು ಗುನುಗುವುದು ಗಿರಣಿಯವರಿಗೆಲ್ಲ ಇರುವ ಚಾಳಿ. ಆದರೆ ಅವತ್ತು ಮಧ್ಯಾಹ್ನ ಕರೆಂಟು ಹೋಯಿತು. ಬೆಲ್ಟು ನಿಂತಿತು. ಕಲ್ಲು ನಿಂತಿತು. ಎರಡು ಗಂಡು ದನಿ, ಒಂದು ಹೆಣ್ಣು ದನಿ ಮಾತ್ರ ಮಾತಾಡುತ್ತಲೇ ಇದ್ದವು. "ಇವನ ಹೊಟ್ಟೆಗೆ ಮದ್ದು ಬಿದ್ದೈತೆ ಕಣ್ಲಾ, ಇನ್ನೇನು ಒಣಗ್ತಾನೆ" ಅಂದಿತು ಒಂದು. ಉಳಿದೆರಡು ಹೂಂಗುಟ್ಟಿದವು. ಹೊರಗೆ ಬಂದು ನೋಡಿದೆ. ರಾಗಿ ಚೀಲದ ಮೇಲೆ ಒಂದು ಕೋಳಿ ಕೂತಿತ್ತು. ಬೇರೆ ಯಾರೂ ಇರಲಿಲ್ಲ.

ನಮ್ಮ ಕಡೆ ಮದ್ದು ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗದವರು ಊಟದಲ್ಲಿ ಗುಟ್ಟಾಗಿ ಬೆರೆಸಿ ಹಾಕುತ್ತಾರಂತೆ. ಅದು ಹೊಟ್ಟೆಯೊಳಗೆ ಕೂತುಕೊಂಡು ಮನುಷ್ಯನನ್ನು ದಿನ ದಿನಕ್ಕೆ ಒಣಗಿಸುತ್ತದಂತೆ. ನಾನು ಪಿಯುಸಿ ಓದಿದವನು. ಇಂಥದ್ದನ್ನೆಲ್ಲ ಗಿರಣಿಗೆ ಬಂದವರ ಮುಂದೆ ಆಡಿಕೊಂಡು ನಗುತ್ತಿದ್ದವನು. ಅದೇ ನಾನು ಆ ವಾರದಿಂದ ತಟ್ಟೆಯ ಮುಂದೆ ಕೂತಾಗೆಲ್ಲ ಸಾರನ್ನು ಬೆರಳಲ್ಲಿ ಕದಡಿ ನೋಡತೊಡಗಿದೆ.

ನನ್ನ ಹೆಂಡತಿ ಲಕ್ಷ್ಮೀದೇವಿ ಪಾವಗಡ ಕಡೆಯವಳು, ತವರು ಬಲಸಮುದ್ರ. ಅವಳ ತಮ್ಮ ಓಬಳೇಶ ಅಲ್ಲಿ ಸೋಲಾರ್ ಪ್ಲೇಟು ತೊಳೆಯುವ ಕೆಲಸ ಮಾಡುತ್ತಾನೆ. ಅವನು ನನ್ನನ್ನು ಮದ್ದು ತೆಗೆಯುವವರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ಏನೋ ಕುಡಿಸಿದರು. ವಾಂತಿಯಾಯಿತು. ಅದರಲ್ಲಿ ಕೂದಲು ಸುತ್ತಿದ ಉಂಡೆ ಬಿತ್ತು ಅಂತ ಕಡ್ಡಿಯಲ್ಲಿ ಎತ್ತಿ ತೋರಿಸಿದರು. ಬರುವಾಗ ಬಸ್ಸಿನಲ್ಲಿ ಆ ಮೂರು ದನಿಗಳೂ ನನ್ನನ್ನು ನೋಡಿ ನಕ್ಕವು.

ಆಮೇಲೆ ಮಧುಗಿರಿ ಆಸ್ಪತ್ರೆ. ಮನಸ್ಸಿನ ಡಾಕ್ಟರು ನಿಧಾನವಾಗಿ ಎಲ್ಲ ಕೇಳಿದರು. "ಇದಕ್ಕೆ ಸೈಕೋಸಿಸ್ ಅಂತಾರೆ. ಟ್ರೀಟ್‌ಮೆಂಟ್ ಇದೆ. ಟ್ಯಾಬ್ಲೆಟ್ ಮಾತ್ರ ನಿಲ್ಲಿಸಬೇಡಿ" ಅಂದರು. ಸ್ವಲ್ಪ ದಿನ ನುಂಗಿದೆ. ಆಮೇಲೆ ಆ ಮಾತ್ರೆಯ ಮೇಲೇ ಅನುಮಾನ ಬಂತು. ನಾಲಿಗೆಯ ಕೆಳಗೆ ಇಟ್ಟುಕೊಂಡು ಗಿರಣಿಯ ಹಿಂದೆ ಉಗಿಯತೊಡಗಿದೆ. ಲಕ್ಷ್ಮೀದೇವಿ ಅದನ್ನು ಕಂಡುಹಿಡಿದಳು, ಅತ್ತಳು, ಬೈದಳು. ನಾನು ಬಗ್ಗಲಿಲ್ಲ. ಒಂದು ದಿನ ಅವಳು ಮಾತ್ರೆಯ ಮಾತೇ ಎತ್ತುವುದನ್ನು ಬಿಟ್ಟಳು.

ವಿಚಿತ್ರವೆಂದರೆ ಅಲ್ಲಿಂದಾಚೆಗೆ ನನಗೆ ವಾಸಿಯಾಗತೊಡಗಿತು. ನಿದ್ದೆ ಬಂತು. ದನಿಗಳು ದೂರವಾದವು. ನೋಡಿ, ಮಾತ್ರೆ ಇಲ್ಲದೆಯೇ ಸರಿಹೋದೆ ಅಂತ ಮೀಸೆ ತಿರುವಿದೆ.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತಿದ್ದೆ. ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಹಾಗಾಗಿ ಮುದ್ದೆಯೊಳಗೆ ಏನಿದೆ ಅಂತ ನಾಲಿಗೆಗೆ ಗೊತ್ತಾಗುವುದೇ ಇಲ್ಲ. ಆದರೆ ನನ್ನ ಬೆರಳಿಗೆ ಬೇರೆ ಅಭ್ಯಾಸ. ದಿನವಿಡೀ ಹಿಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ ನಯ ನೋಡುವುದೇ ನನ್ನ ಕೆಲಸ. ಮುರಿದ ತುತ್ತಿನಲ್ಲಿ ಒಂದು ತರಿ ಸಿಕ್ಕಿತು. ಬಿಡಿಸಿ ನೋಡಿದರೆ ಬಿಳಿ ಚೂರು.

"ನುಚ್ಚು ಇರಬೇಕು ಕಣಯ್ಯಾ, ಮುದ್ದೆಗೆ ಒಂದಿಷ್ಟು ಹಾಕಿದ್ದೆ" ಅಂದಳು ಲಕ್ಷ್ಮೀದೇವಿ.

ನಾಲಿಗೆಯ ಮೇಲೆ ಇಟ್ಟೆ. ಕಹಿ.

"ಆಣೆ ಇಡು" ಅಂದೆ. ಅವಳಿಗೆ ಹೆದರಿಕೆಯಾದಾಗ ತೆಲುಗು ಬರುತ್ತದೆ. "ನಾ ಬಿಡ್ಡ ಮೀದ ಒಟ್ಟು" ಅಂದಳು. ಮಗಳ ಮೇಲಾಣೆ ಅಂತ. ಮಗಳು ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ನಮಗಿರುವುದು ಅವಳೊಬ್ಬಳೇ. ಅವಳ ಮೇಲೆ ಆಣೆ ಇಟ್ಟಾಗ ಇವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಸಾರಿನ ಪಾತ್ರೆಯ ಮೇಲಿತ್ತು.

ಎಲ್ಲರೂ ಸುಳ್ಳು ಅಂದಿದ್ದ ನನ್ನ ಅನುಮಾನ ನಿಜವಾಗಿತ್ತು.

ಅವತ್ತಿನಿಂದ ಮನೆಯ ಊಟ ಬಿಟ್ಟೆ. ಯಾರೂ ಏನೂ ಬೆರೆಸಲಾಗದಂಥದ್ದು ಏನಿದೆ ಅಂತ ಯೋಚಿಸಿದೆ. ಬಾಳೆಹಣ್ಣಿಗೆ ಸಿಪ್ಪೆ ಇದೆ. ಮೊಟ್ಟೆಗೆ ಚಿಪ್ಪಿದೆ. ಎಳನೀರಿಗೆ ಕಾಯೇ ಇದೆ. ಹಾಸಿಗೆಯನ್ನು ಗಿರಣಿಗೆ ಸಾಗಿಸಿ, ಅಲ್ಲೇ ಒಂದು ಸ್ಟವ್ ಇಟ್ಟುಕೊಂಡು ಮೊಟ್ಟೆ ಬೇಯಿಸಿಕೊಂಡೆ. ಲಕ್ಷ್ಮೀದೇವಿ ದಿನಾ ತಟ್ಟೆ ತಂದು ಗಿರಣಿಯ ಹೊಸ್ತಿಲ ಹತ್ತಿರ ಇಟ್ಟು ಹೋಗುತ್ತಿದ್ದಳು. ಅದನ್ನು ತಿಂದು ಬೀದಿನಾಯಿ ಆ ಬೇಸಿಗೆಯಲ್ಲಿ ದಪ್ಪಗಾಯಿತು. ಅದಕ್ಕೆ ಏನೂ ಆಗಲಿಲ್ಲ ಅನ್ನುವುದನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ. ನನ್ನ ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲದಾಯಿತು. ಆಗಲೂ ದಿನಾ ಮೀಸೆ ಕತ್ತರಿಸಿ ನೀಟಾಗಿ ಕೂರುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನನಗೇ ಹೇಳಿ ಮಾಡಿಸಿದಂತಿತ್ತು. ಹಿಟ್ಟಂತೂ ಗಿರಣಿಯ ತುಂಬ ಇತ್ತು.

ದನಿಗಳು ವಾಪಸ್ಸು ಬಂದವು. ಈ ಸಲ ಅವಕ್ಕೂ ಧೈರ್ಯ ಹೆಚ್ಚಿತ್ತು. "ನಾವು ಹೇಳ್ಲಿಲ್ವಾ?" ಅನ್ನುತ್ತಿದ್ದವು.

ಆ ಹೊತ್ತಿಗೆ ಬಂದವರು ನಸ್ರೀನ್ ಮೇಡಂ. ಸಿರಾದವರು. ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿದವರ ಮನೆಗೆ ಹೋಗಿ ನೋಡುವುದು, ಮಾತಾಡುವುದು, ಮತ್ತೆ ದಾರಿಗೆ ಹಚ್ಚುವುದು ಅವರ ಕೆಲಸ. ಕೇಸ್ ವರ್ಕರ್ ಅನ್ನುತ್ತಾರೆ. ಕೊರಟಗೆರೆಯಿಂದ ಪಾವಗಡದವರೆಗೆ ಬಸ್ಸಿನಲ್ಲೇ ಸುತ್ತುತ್ತಾರೆ. ಗಿರಣಿಯ ಬಾಗಿಲಲ್ಲಿ ನಿಂತು ಅವರು ಹೇಳಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ.

"ಹನುಮಂತಣ್ಣ, ನಾನು ನಸ್ರೀನ್. ಮಧುಗಿರಿ ಆಸ್ಪತ್ರೆ ಕಡೆಯಿಂದ ಬಂದಿದೀನಿ. ನಿಮ್ಮ ಮನೆಯೋರು ಫೋನ್ ಮಾಡಿ ಕರೆಸಿದ್ರು. ಒಳಗೆ ಬರ್ಲಾ, ಇಲ್ಲೇ ನಿಂತ್ಕೊಳ್ಲಾ?"

ಅಲ್ಲಿಯವರೆಗೆ ಬಂದ ನೆಂಟರೆಲ್ಲ "ಇಂಗೇ ಈ ಕಡೆ ಬಂದಿದ್ವಿ, ಮಾತಾಡಿಸ್ಕೊಂಡು ಹೋಗಾನ ಅಂತ" ಅನ್ನುತ್ತಿದ್ದರು. ಇದಕ್ಕೆಂದೇ ದೂರದಿಂದ ನಡೆದು ಬಂದವರು, ಸುಳ್ಳು ಅಂತ ಅವರ ಚಪ್ಪಲಿಯ ಧೂಳೇ ಹೇಳುತ್ತಿತ್ತು. ಈಯಮ್ಮ ಮಾತ್ರ ಎಲ್ಲಿಂದ ಬಂದೆ, ಯಾರು ಕರೆಸಿದರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

"ಒಳಕ್ಕೆ ಬರಬ್ಯಾಡಿ" ಅಂದೆ. ಬರಲಿಲ್ಲ. ಹೊರಗೆ ಹುಣಸೆಮರದ ಕೆಳಗೆ ಕೂತರು. ಲಕ್ಷ್ಮೀದೇವಿ ನೀರು ತಂದಳು. ಬೇಡ ಅಂದರು. ಕಾಫಿ ತಂದಳು. ಬೇಡ. ಮಜ್ಜಿಗೆಯಾದರೂ ಕುಡೀರಿ ಅಂದಳು. ಎದೆಯ ಮೇಲೆ ಕೈಯಿಟ್ಟು ಬೇಡಮ್ಮ ಅಂದರು. ಬಿಸಿಲು ಸುಡುತ್ತಿತ್ತು, ಅವರ ತುಟಿ ಒಣಗಿತ್ತು. ನಾನು ಒಳಗಿನಿಂದ ಎಲ್ಲ ನೋಡುತ್ತಿದ್ದೆ. ಈ ಮನೆಯಲ್ಲಿ ಏನೂ ಮುಟ್ಟಬಾರದು ಅಂತ ಆಸ್ಪತ್ರೆಯವರಿಗೂ ಗೊತ್ತಿದೆ ಅಂದುಕೊಂಡೆ. ದನಿಗಳು ಚಪ್ಪಾಳೆ ತಟ್ಟಿದವು.

ಹೊರಡುವಾಗ ಅವರು ಕೇಳಿದರು. "ಬರೋ ಗುರುವಾರ ಹನ್ನೊಂದರ ಬಸ್ಸಿಗೆ ಬರ್ಲಾ ಅಣ್ಣ? ಬೇಡ ಅಂದ್ರೆ ಬೇಡ ಅನ್ನಿ, ಬೇಜಾರಿಲ್ಲ."

"ಬಂದ್ರೆ ಬನ್ನಿ, ಬುಟ್ರೆ ಬುಡಿ" ಅಂದೆ.

ಗುರುವಾರ ಹನ್ನೊಂದರ ಬಸ್ಸಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ. "ಮೇಡಮ್ಮೋರೆ, ಹೋದ್ಸಲ ನಮ್ಮನೆ ನೀರು ಯಾಕೆ ಕುಡೀಲಿಲ್ಲ? ಏನು ಗೊತ್ತು ನಿಮಗೆ?"

ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಅರೆ ಅಣ್ಣ! ರೋಜಾ ಇದೀನಿ. ರಂಜಾನ್ ತಿಂಗಳು. ಬೆಳಕು ಹರಿಯಕ್ಕೆ ಮುಂಚೆ ತಿಂದಿದ್ದು, ಸಂಜೆ ತನಕ ನೀರೂ ಇಲ್ಲ. ಅವತ್ತೇ ಹೇಳ್ಬೇಕಿತ್ತು ನಾನು. ಊಟದ ಮೇಲೆ ಅನುಮಾನ ಇರೋರ ಮನೆಗೆ ಬಂದು, ನೀರು ಬೇಡ ಅಂತ ಸುಮ್ನೆ ಕೂತ್ಬಿಟ್ಟೆ. ತಪ್ಪು ನಂದು ಅಣ್ಣ, ಮನಸ್ಸಿಗೆ ಹಚ್ಕೋಬೇಡಿ."

ತಿಂಗಳುಗಟ್ಟಲೆ ಎಲ್ಲರೂ ನನ್ನ ತಪ್ಪನ್ನೇ ಹುಡುಕುತ್ತಿದ್ದರು. ತನ್ನಿಂದ ತಪ್ಪಾಯಿತು ಅಂತ ನನ್ನ ಮುಂದೆ ಹೇಳಿದ ಮೊದಲ ಮನುಷ್ಯರು ಇವರು. ಅದಕ್ಕೇ, ಇಷ್ಟು ದಿನ ಊರಿನವರನ್ನೆಲ್ಲ ಕೇಳಿದ್ದ ಪ್ರಶ್ನೆಯನ್ನು ಅವರಿಗೂ ಕೇಳಿದೆ.

"ನನ್ನ ಮುದ್ದೇಲಿ ಏನೋ ಬೆರೆಸಿದ್ರು. ಹೌದಾ, ಅಲ್ವಾ?"

ಎಲ್ಲರೂ ಅಲ್ಲ, ನಿನ್ನ ಭ್ರಮೆ ಅಂದಿದ್ದರು. ಇವರು ಹಾಗನ್ನಲಿಲ್ಲ. "ನನಗೆ ಗೊತ್ತಿಲ್ಲ ಅಣ್ಣ" ಅಂದರು. "ಅಕ್ಕನ್ನ ಕೇಳಣ. ನಿಮ್ಮ ಮುಂದೇನೇ ಕೇಳ್ತೀನಿ. ನಿಮ್ಮ ಬಗ್ಗೆ ನಿಮ್ಮ ಬೆನ್ನ ಹಿಂದೆ ಒಂದು ಮಾತೂ ಆಡಲ್ಲ."

ಲಕ್ಷ್ಮೀದೇವಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲು ಇಲ್ಲ ಅಂತ ತಲೆಯಾಡಿಸಿದಳು.

"ಅಕ್ಕಾ, ನಾನು ಬೈಯಕ್ಕೆ ಬಂದಿಲ್ಲ" ಅಂದರು ನಸ್ರೀನ್ ಮೇಡಂ. "ಏನೇ ಮಾಡಿದ್ರೂ ಅವರು ಉಳೀಲಿ ಅಂತಾನೇ ಮಾಡಿರ್ತೀರ. ಆದ್ರೆ ಸಚ್ ಏನು, ನಿಜ ಏನು ಅಂತ ಅವರಿಗೆ ಗೊತ್ತಾಗ್ಲೇಬೇಕು."

ಲಕ್ಷ್ಮೀದೇವಿ ಅಲ್ಲೇ ಕುಸಿದು ಕೂತಳು. "ಅಯ್ಯೋ ದೇವುಡಾ... ಹಾಕ್ತಿದ್ದೆ ಕಣಮ್ಮ. ಮಾತ್ರೆ ಪುಡಿ ಮಾಡಿ ಹಾಕ್ತಿದ್ದೆ. ನಮ್ ಓಬಳೇಶ ಹೇಳ್ದ, ಬಾವ ಮುದ್ದೆ ಏನು ಅಗಿದು ತಿಂತಾರಾ, ಅದರಾಗೆ ಇಟ್ಟುಬುಡಕ್ಕಾ ಅಂತ. ಇವರು ಅಂಗೆ ಒಣಗೋದು ನೋಡಕಾಗ್ಲಿಲ್ಲ. ಸಿಕ್ಕಾಕ್ಕೊಂಡಾಗ ಮಗಳ ಮ್ಯಾಲೆ ಆಣೆ ಇಟ್ಟುಬುಟ್ಟೆ. ಅವತ್ತಿಂದ ಅವಳಿಗೆ ಸಣ್ಣ ಜ್ವರ ಬಂದ್ರೂ ನನ್ ಜೀವ ನನ್ ತಾವ ಇರಲ್ಲ."

ಹಾಕುತ್ತಿದ್ದಳು.

ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಆಮೇಲೆ. ಮೊದಲು ಬಂದದ್ದು ನಿರಾಳ. ಬೆನ್ನ ಮೇಲಿನ ಚೀಲ ಇಳಿಸಿದಂತಾಯಿತು. ನನ್ನ ತಲೆ ಹೇಳಿದ್ದರಲ್ಲಿ ಒಂದಾದರೂ ನಿಜ, ನಾನು ಪೂರ್ತಿ ಕೆಟ್ಟುಹೋಗಿಲ್ಲ. ಆಮೇಲೆ ಅವಳನ್ನು ಬಾಯಿಗೆ ಬಂದಂತೆ ಬೈದೆ. ನಸ್ರೀನ್ ಮೇಡಂ ತಡೆಯಲಿಲ್ಲ. ನನ್ನ ದನಿ ತಾನಾಗಿ ಇಳಿದ ಮೇಲೆ ಮಾತಾಡಿದರು.

"ಈ ಒಂದು ವಿಷಯದಲ್ಲಿ ನೀವು ಹೇಳಿದ್ದು ನಿಜ ಅಣ್ಣ. ಅಂದ್ಬಿಟ್ಟು ಆ ದನಿಗಳು ಹೇಳೋದೆಲ್ಲ ನಿಜ ಅಂತ ನಾನು ಒಪ್ಪಲ್ಲ. ಅದನ್ನ ಒಂದೊಂದಾಗಿ ನೋಡಣ. ಇನ್ನು ಮೇಲೆ ನಿಮಗೆ ಹೇಳದೆ ಯಾರೂ ಏನೂ ಬೆರೆಸಬಾರದು. ನೀವು ನನಗೆ ಹೇಳಿದ್ದು ನನ್ನ ಹತ್ರಾನೇ ಇರತ್ತೆ. ಆದ್ರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದ್ರೆ ಹೇಳೇ ಹೇಳ್ತೀನಿ. ಆಗ ಮೋಸ ಮಾಡಿದ್ರು ಅನ್ಬೇಡಿ, ಈಗಲೇ ಹೇಳಿದೀನಿ."

ಈ ಕೊನೆಯ ಮಾತು ನನಗೆ ಹಿಡಿಸಿತು. ಎಲ್ಲಕ್ಕೂ ಹೂಂ ಅನ್ನುವವರನ್ನು ನಾನು ಹೇಗೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಇದನ್ನು ಮಾಡುತ್ತೇನೆ, ಇದನ್ನು ಮಾಡಲಾರೆ ಅಂತ ಮುಂಚೆಯೇ ಗೆರೆ ಎಳೆದವರ ಜೊತೆ ವ್ಯವಹಾರ ಸಲೀಸು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ನನ್ನದೂ ಅದೇ ಕತೆಯಾಗಿತ್ತು. ನಂಬಿಕೆ ಬರದೆ ಮಾತ್ರೆ ನುಂಗುವುದಿಲ್ಲ, ಮಾತ್ರೆ ನುಂಗದೆ ನಂಬಿಕೆ ಬರುವುದಿಲ್ಲ. ಎಲ್ಲೋ ಒಂದು ಕಡೆಯಿಂದ ಗಂಟು ಬಿಚ್ಚಬೇಕಿತ್ತು. ಅವತ್ತು ಬಿಚ್ಚಿತು.

ಮುಂದಿನ ವಾರ ಅವರ ಜೊತೆ ಆಸ್ಪತ್ರೆಗೆ ಹೋದೆ. ಮಾತ್ರೆಯ ಹಾಳೆಯನ್ನು ನನ್ನ ಕೈಯಲ್ಲೇ ಕೊಟ್ಟರು. ನಾನೇ ಒತ್ತಿ ತೆಗೆದು, ನಾನೇ ತಂದ ನೀರಿನಲ್ಲಿ ನುಂಗಿದೆ. ಅಂಗೈಯ ಮೇಲೆ ಕೂತಾಗ ಅದು ಎಷ್ಟು ಚಿಕ್ಕದು ಅನ್ನಿಸಿತು. ಇಷ್ಟರ ಸಲುವಾಗಿ ಅಷ್ಟೆಲ್ಲ ನಡೆದಿತ್ತು.

ಸುಖವಾಗಿಯೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಕೈ ನಡುಗತೊಡಗಿತು. ಹಿಟ್ಟು ಉಜ್ಜಿ ನೋಡಿದರೆ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಗಿರಣಿಯವನಿಗೆ ಬೆರಳು ಹೋದರೆ ಉಳಿಯುವುದೇನು? ಮತ್ತೆ ಉಗಿದುಬಿಡೋಣ ಅನ್ನಿಸಿತು. ಉಗಿಯುವ ಮೊದಲು ನಸ್ರೀನ್ ಮೇಡಂಗೆ ಫೋನ್ ಮಾಡಿದೆ. ಮಾತ್ರೆ ಬಿಡಬೇಡಿ ಅಂತ ಅವರು ಭಾಷಣ ಮಾಡಲಿಲ್ಲ. "ಡಾಕ್ಟರ್ ಹತ್ರ ನೀವೇ ಹೇಳ್ತೀರಾ, ನಾನು ಹೇಳ್ಲಾ?" ಅಂದರು. ನಾನೇ ಹೇಳಿದೆ. ಡಾಕ್ಟರು ಡೋಸ್ ಇಳಿಸಿದರು, ನಡುಕಕ್ಕೆ ಬೇರೆ ಮಾತ್ರೆ ಕೊಟ್ಟರು. ನಡುಕ ಮೆಲ್ಲಗೆ ಕಮ್ಮಿಯಾಯಿತು. ದನಿಗಳು ಪಕ್ಕದೂರಿನ ಮೈಕಿನಷ್ಟು ದೂರಕ್ಕೆ ಹೋದವು. ಏನೋ ಹೇಳುತ್ತಿವೆ ಅಂತ ಗೊತ್ತಾಗುತ್ತದೆ, ಏನು ಅಂತ ಕೇಳಿಸುವುದಿಲ್ಲ.

ಆದರೆ ಮನೆಯ ಊಟ? ಅದಾಗಲಿಲ್ಲ. ಮಾತ್ರೆಯನ್ನು ನಂಬಿದೆ, ಡಾಕ್ಟರನ್ನು ನಂಬಿದೆ, ಸಿರಾದಿಂದ ಬಂದವರನ್ನು ನಂಬಿದೆ. ಕಟ್ಟಿಕೊಂಡವಳ ಕೈಯ ತುತ್ತನ್ನು ಮಾತ್ರ ನಂಬಲಾಗಲಿಲ್ಲ. ಮಾತ್ರೆಯಿಂದ ದನಿ ಕಮ್ಮಿಯಾಗುತ್ತದೆ. ಆಣೆ ಇಟ್ಟು ಹೇಳಿದ ಸುಳ್ಳಿಗೆ ಯಾವ ಮಾತ್ರೆಯೂ ಇಲ್ಲ. ಗಿರಣಿಯಲ್ಲೇ ಮಲಗುತ್ತಿದ್ದೆ, ಉಪ್ಪಿಟ್ಟು ಕೆದಕಿಕೊಂಡು ತಿನ್ನುತ್ತಿದ್ದೆ. ಹೀಗೇ ಎರಡು ಒಲೆಯಾಗಿ ಮುಗಿದುಹೋಗುತ್ತೇವೇನೋ ಅಂತ ಅವಳಿಗೂ ಅನ್ನಿಸಿತ್ತು, ನನಗೂ ಅನ್ನಿಸಿತ್ತು.

ರಂಜಾನ್ ಕಳೆದ ಮೇಲೆ ನಸ್ರೀನ್ ಮೇಡಂ ಬಂದರು. ಕೂರುವ ಮೊದಲೇ "ಅಕ್ಕಾ, ಮೊದಲು ನೀರು ಕೊಡಿ" ಅಂತ ಕೂಗಿ, ಒಂದು ಚೊಂಬು ನೀರನ್ನು ನನ್ನನ್ನೇ ನೋಡುತ್ತ ಗಟಗಟ ಕುಡಿದರು. ಕುಡಿದು ಖಾಲಿ ಚೊಂಬು ಬೋರಲು ಹಾಕಿ ತೋರಿಸಿದರು. ನನಗೆ ನಗು ಬಂದುಬಿಟ್ಟಿತು. ಅವತ್ತು ಊಟಕ್ಕೂ ನಿಂತರು. ಸಿರಾ ಪೇಟೆಯವರು, ಮುದ್ದೆಯನ್ನು ಅಗಿಯತೊಡಗಿದರು.

"ಅಗೀಬ್ಯಾಡಿ ಮೇಡಮ್ಮೋರೆ, ಹಲ್ಲಿಗೆ ಅಂಟ್ಕೊಂತದೆ. ನುಂಗಿ" ಅಂದೆ.

"ನೀವು ಮೊದಲು ನುಂಗಿ ತೋರಿಸಿ, ಆಮೇಲೆ ನೋಡಣ" ಅಂದರು.

ಲಕ್ಷ್ಮೀದೇವಿಯ ಕೈ ಸಾರಿನ ಸೌಟಿನ ಮೇಲೇ ನಿಂತಿತು. ನಾನು ತಿನ್ನಲಿಲ್ಲ. ನಸ್ರೀನ್ ಮೇಡಂ ಮತ್ತೆ ಒತ್ತಾಯ ಮಾಡಲೂ ಇಲ್ಲ. ಆದರೆ ಲಕ್ಷ್ಮೀದೇವಿ ಏನೋ ತೀರ್ಮಾನ ಮಾಡಿದವಳಂತೆ ಎದ್ದು, ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ, ನನ್ನ ಕಣ್ಣ ಮುಂದೆ ಅದನ್ನು ಎರಡಾಗಿ, ನಾಲ್ಕಾಗಿ ಒಡೆದಳು. "ನೋಡು. ಏನೂ ಇಲ್ಲ" ಅಂದಳು. ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಅಲ್ಲಿಂದ ದಿನಾ ಅದೇ. ಹೊತ್ತಿಗೆ ಸರಿಯಾಗಿ ತಟ್ಟೆ, ಕಣ್ಣ ಮುಂದೆ ಒಡೆದ ಮುದ್ದೆ, "ನೋಡು" ಅನ್ನುವ ಒಂದು ಮಾತು. ಹೀಗೆ ಮಾಡು ಅಂತ ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಮೊದಲು ನೋಡಿ ತಟ್ಟೆಯನ್ನು ಹಾಗೇ ಬಿಡುತ್ತಿದ್ದೆ. ಆಮೇಲೆ ಒಂದು ತುತ್ತು. ಆಮೇಲೆ ಅರ್ಧ. ಪ್ಯಾಂಟು ಮತ್ತೆ ಸೊಂಟದಲ್ಲಿ ನಿಂತಿತು. ಹಾಸಿಗೆ ಗಿರಣಿಯಿಂದ ಮನೆಗೆ ವಾಪಸ್ಸು ಬಂತು. ಬೀದಿನಾಯಿ ನನ್ನ ಮೇಲೆ ಮುನಿಸಿಕೊಂಡಿತು.

ಈಗ ಮಳೆಗಾಲ ಮುಗಿಯುತ್ತ ಬಂದಿದೆ. ಮಾತ್ರೆ ನಡೆಯುತ್ತಿದೆ, ಇನ್ನೂ ಬಹಳ ಕಾಲ ನಡೆಯುತ್ತದೆ ಅಂದಿದ್ದಾರೆ. ಕಾಯಿಲೆ ಮತ್ತೆ ಬರುವುದೇ ಇಲ್ಲ ಅಂತ ಡಾಕ್ಟರು ಹೇಳಿಲ್ಲ. ನಾನೂ ಹೇಳುವುದಿಲ್ಲ. ಬಂದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ಗೊತ್ತಿದೆ, ಅದೇ ದೊಡ್ಡ ಧೈರ್ಯ. ನಸ್ರೀನ್ ಮೇಡಂ ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಬಂದಾಗ, ತೋವಿನಕೆರೆ ಕಡೆ ಒಂದು ಹೊಸ ಕೇಸು ಸಿಕ್ಕಿದೆ, ಅವರು ಬಾಗಿಲೇ ತೆಗೆಯುತ್ತಿಲ್ಲ ಅಂದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಮೊದಲು ನೀರು ಕೇಳಿ ಕುಡೀರಿ" ಅಂದೆ. ನಕ್ಕರು.

ಹೋದ ಭಾನುವಾರ ಊಟಕ್ಕೆ ಕೂತಿದ್ದೆ. ಲಕ್ಷ್ಮೀದೇವಿ ಬಿಸಿ ಮುದ್ದೆ ತಟ್ಟೆಗೆ ಇಟ್ಟು, ಎಂದಿನಂತೆ ಒಡೆಯಲು ಕೈ ಹಾಕಿದಳು. ಆಗ ಅವಳ ಬೆರಳುಗಳ ತುದಿ ನೋಡಿದೆ. ಕೆಂಪಗಾಗಿ, ಚರ್ಮ ಸುಲಿದು, ಒರಟಾಗಿದ್ದವು. ತಿನ್ನುವವರು ಮುದ್ದೆಯನ್ನು ಅಂಚಿನಿಂದ, ಬಿಸಿ ಆರಿಸಿಕೊಂಡು ಮುರಿಯುತ್ತಾರೆ. ಅವಳು ಆಗ ತಾನೇ ಇಳಿಸಿದ ಮುದ್ದೆಯ ನಡುವಿಗೇ ದಿನಾ ಬೆರಳು ಇಳಿಸುತ್ತಿದ್ದಳು. ಇಷ್ಟು ದಿನ ನಾನು ನೋಡಿದ್ದು ಬರೀ ಮುದ್ದೆಯನ್ನು.

"ಬುಡೇ, ಒಡೀಬ್ಯಾಡ" ಅಂದೆ.

ಅವಳ ಮುಖ ಬಿಳಿಚಿತು. ಮತ್ತೆ ಊಟ ಬಿಟ್ಟನೋ ಅಂದುಕೊಂಡಳೇನೋ. "ಯಾಕಯ್ಯಾ? ಏನಾಯ್ತು?"

"ಏನಿಲ್ಲ. ಒಡೆದ್ರೆ ಆರೋಗ್ತೈತೆ. ಇಂಗೇ ಕೊಡು."

ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ದುಂಡಗೆ, ಇಡಿಯಾಗಿ ಇತ್ತು. ಅಂಚಿನಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಬೆರಳಲ್ಲಿ ಉಜ್ಜಿ ನೋಡದೆ ನುಂಗಿದೆ. ಬಿಸಿ ಗಂಟಲಿನಿಂದ ಹೊಟ್ಟೆಯವರೆಗೂ ಇಳಿದದ್ದು ಗೊತ್ತಾಯಿತು.

ಲಕ್ಷ್ಮೀದೇವಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಒಲೆಯ ಕಡೆ ತಿರುಗಿ ಕೇಳಿದಳು. "ಇನ್ನೊಂದು ಹಾಕ್ಲಾ?"

"ಹಾಕು" ಅಂದೆ.